ಮೀಟರನ್ನ ಸೊನ್ನೆಗಲ್ಲ, 35ಕ್ಕೆ ಸೆಟ್ ಮಾಡಿ

ಸಮುದ್ರದ ನೀರಿನ ಟ್ಯಾಂಕ್ ಇಟ್ಟಿರೋ ಮನೆಗಳಿಗೆ ಹೋಗಿ ನೋಡ್ಕೊಳ್ಳೋದು ನನ್ನ ಕೆಲಸ. ಆ ನೀರಲ್ಲಿ ಉಪ್ಪು 35 ಪಿಪಿಟಿ, ಅಂದ್ರೆ ಕೇಜಿಗೆ 35 ಗ್ರಾಂ ಇರ್ಬೇಕು. ಹೋದ ತಿಂಗಳು ಬೆಂಗಳೂರಲ್ಲಿ ಒಬ್ರು ಗಾಬರಿಯಿಂದ ಫೋನ್ ಮಾಡಿದ್ರು, "ಸಾರ್, ಇದ್ದಕ್ಕಿದ್ದಂಗೆ ಉಪ್ಪು ಒಂದು ಪಿಪಿಟಿ ಜಾಸ್ತಿ ಆಗ್ಬಿಟ್ಟಿತ್ತು, ಸಿಹಿನೀರು ಹಾಕಿ 35ಕ್ಕೆ ಇಳಿಸಿದೀನಿ, ಈಗ ಹವಳ ಎಲ್ಲ ಮುದುರ್ಕೊಂಡು ಕೂತಿದೆ" ಅಂತ. ಹೋಗಿ ನೋಡಿದ್ರೆ ಟ್ಯಾಂಕಲ್ಲಿ ಉಪ್ಪು ಜಾಸ್ತಿ ಆಗಿರ್ಲೇ ಇಲ್ಲ. ಅವ್ರು ಇಷ್ಟು ದಿನ ಬೋರ್‌ವೆಲ್ ನೀರಿನ ಹನಿ ಹಾಕಿ ರಿಫ್ರಾಕ್ಟೋಮೀಟರನ್ನ (ಬೆಳಕು ಎಷ್ಟು ಬಾಗುತ್ತೆ ಅಂತ ನೋಡಿ ಉಪ್ಪು ಅಳೆಯೋ ಮೀಟರ್ರು) ಸೊನ್ನೆಗೆ ಸೆಟ್ ಮಾಡ್ತಿದ್ರು, ಆ ನೀರಿನ ಟಿಡಿಎಸ್ (ಕರಗಿರೋ ಲವಣದ ಅಳತೆ) 1000 ಹತ್ತಿರ, ಅಂದ್ರೆ ಅದರಲ್ಲೇ ಒಂದು ಪಿಪಿಟಿ ಉಪ್ಪಿನಂಶ ಇದೆ. ಆ ವಾರ ಮನೆಗೆ ಹೊಸ ಆರ್‌ಓ ಬಂತು, ಆರ್‌ಓ ನೀರಲ್ಲಿ ಸೊನ್ನೆ ಮಾಡಿದ್ರು, ರೀಡಿಂಗ್ 35.5 ಇದ್ದದ್ದು 36.5 ಆಯ್ತು. ಬದಲಾಗಿದ್ದು ಮೀಟರ್ರು, ಶಿಕ್ಷೆ ಟ್ಯಾಂಕಿಗೆ.

ಇಷ್ಟೇ ಆಗಿದ್ರೆ ಆರ್‌ಓ ನೀರು ಹಾಕಿದ ಮೇಲೆ ಬಂದ ರೀಡಿಂಗೇ ಸರಿ ಅನ್ಬಹುದಿತ್ತು, ಆದ್ರೆ ಅದೂ ತಪ್ಪು. ಅಗ್ಗದ ರಿಫ್ರಾಕ್ಟೋಮೀಟರ್‌ಗಳಲ್ಲಿ ಬಹಳಷ್ಟು ಬರೀ ಅಡುಗೆ ಉಪ್ಪಿನ ನೀರು ಅಳೆಯೋಕೆ ಮಾಡಿರೋವು. ಸಮುದ್ರದ ನೀರಲ್ಲಿ ಸೋಡಿಯಂ, ಕ್ಲೋರೈಡ್ ಜೊತೆಗೆ ಮೆಗ್ನೀಸಿಯಂ, ಸಲ್ಫೇಟ್, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲ ಇರುತ್ತೆ, ಹಾಗಾಗಿ ಬೆಳಕು ಬಾಗೋ ಲೆಕ್ಕವೇ ಬೇರೆ. 35 ಪಿಪಿಟಿ ಸಮುದ್ರದ ನೀರು ಬೆಳಕನ್ನ ಎಷ್ಟು ಬಾಗಿಸುತ್ತೋ ಅಷ್ಟು ಬಾಗಿಸೋಕೆ ಅಡುಗೆ ಉಪ್ಪು ಕೇಜಿಗೆ 36.5 ಗ್ರಾಂ ಬೇಕು. ಹಾಗಾಗಿ ಸರಿಯಾಗಿ ಸೊನ್ನೆ ಮಾಡಿದ ಅಡುಗೆ ಉಪ್ಪಿನ ಮೀಟರ್ರು ಒಳ್ಳೆ ಸಮುದ್ರದ ನೀರಿಗೆ 36.5 ಅನ್ನುತ್ತೆ. ಪಾಪ ಅವ್ರು ಅದನ್ನ ನಂಬಿ 35ಕ್ಕೆ ಇಳಿಸಿದ್ರು, ನಿಜವಾಗಿ ಟ್ಯಾಂಕಲ್ಲಿ ಉಳಿದಿದ್ದು 33.6.

ನಿಮ್ಮದು ಯಾವ ಥರದ್ದು ಅಂತ ಈಗಲೇ ನೋಡ್ಬಹುದು. ಕಣ್ಣಿಟ್ಟು ನೋಡಿದಾಗ ಎರಡು ಸ್ಕೇಲ್ ಕಾಣುತ್ತಲ್ಲ, ಒಂದು ಪಿಪಿಟಿ, ಇನ್ನೊಂದು ಸಾಂದ್ರತೆ (ಸಿಹಿನೀರಿಗಿಂತ ಎಷ್ಟು ಪಟ್ಟು ಭಾರ ಅಂತ), 35ರ ಗೆರೆ ಎದುರು 1.025 ಇದ್ರೆ ಅದು ಅಡುಗೆ ಉಪ್ಪಿನದು, 1.026 ದಾಟಿ 1.0265 ಆಸುಪಾಸು ಇದ್ರೆ ಸಮುದ್ರದ ನೀರಿನದು. ಅಡುಗೆ ಉಪ್ಪಿನದಾದ್ರೆ ಬಿಸಾಡ್ಬೇಡಿ, 35ರ ದ್ರಾವಣ (35 ಪಿಪಿಟಿ ಸಮುದ್ರದ ನೀರಿನಷ್ಟೇ ಬೆಳಕು ಬಾಗಿಸೋದು) ಹಾಕಿ ಸ್ಕ್ರೂ ತಿರುಗಿಸಿ 35ಕ್ಕೆ ತಂದ್ರೆ ನಮಗೆ ಬೇಕಾದ ಜಾಗದಲ್ಲಿ ಸರಿಯಾಗಿ ತೋರಿಸುತ್ತೆ, ಸೊನ್ನೆ ಹತ್ತಿರ ತಪ್ಪಾದ್ರೆ ಆಗ್ಲಿ, ಸೊನ್ನೆಯಲ್ಲಿ ನಾವೇನು ಮೀನು ಸಾಕಲ್ಲ.

ಆ ದ್ರಾವಣ ಅಂಗಡಿಯಲ್ಲಿ ಸಿಗುತ್ತೆ, ಮನೆಯಲ್ಲೂ ಮಾಡ್ಬಹುದು. 36.5 ಗ್ರಾಂ ಉಪ್ಪು, 963.5 ಗ್ರಾಂ ನೀರು, ಎರಡೂ ಸೇರಿ ಒಂದು ಕೇಜಿ. ಒಂದು ಲೀಟರ್ ನೀರಿಗೆ ಉಪ್ಪು ಹಾಕೋದಲ್ಲ, ಇಲ್ಲೇ ಜನ ತಪ್ಪು ಮಾಡೋದು. ನೀರು ಆರ್‌ಓದು ಅಥವಾ ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಸಾಕು. ಅಡುಗೆಮನೆ ತಕ್ಕಡಿ ಒಂದೊಂದೇ ಗ್ರಾಂ ತೋರಿಸೋದಾದ್ರೆ ಬೇಡ, ಒಂದು ಗ್ರಾಂ ಆಚೀಚೆ ಆದ್ರೆ ಒಂದು ಪಿಪಿಟಿ ಹೋಯ್ತು, ಚಿನ್ನ ತೂಗೋ ಥರದ ಪುಟ್ಟ ಡಿಜಿಟಲ್ ತಕ್ಕಡಿ ತಗೊಳ್ಳಿ. ಮಳೆಗಾಲದಲ್ಲಿ, ಅದರಲ್ಲೂ ಮಂಗಳೂರು ಉಡುಪಿ ಕಡೆ, ಡಬ್ಬಿಯಲ್ಲಿ ಉಪ್ಪು ನೀರೊಡೆದು ಒದ್ದೆ ಆಗಿರುತ್ತೆ, ಆಗ ನೀವು ತೂಗೋದು ಅರ್ಧ ನೀರನ್ನೇ. ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು, ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಿ ಆರಿಸಿ ಆಮೇಲೆ ತೂಗಿ. ಬಾಟಲಿ ಮುಚ್ಚಳ ಬಿಗಿಯಾಗಿರ್ಲಿ, ನೀರು ಆವಿಯಾಗಿ ಹೋದ್ರೆ ಉಳಿದದ್ದು 35 ಅಲ್ಲ.

ಹನಿ ಹಾಕಿ ಮುಚ್ಚಿದ ತಕ್ಷಣ ಓದ್ಬೇಡಿ, ಒಂದು ನಿಮಿಷ ಬಿಡಿ. ಎಟಿಸಿ (ಬಿಸಿಗೆ ತಕ್ಕಂತೆ ರೀಡಿಂಗ್ ತಾನೇ ಸರಿ ಮಾಡ್ಕೊಳ್ಳೋದು) ಅಂತ ಬರೆದಿರೋದು ಸಾಮಾನ್ಯವಾಗಿ 10ರಿಂದ 30 ಡಿಗ್ರಿ ಒಳಗೆ ಮಾತ್ರ, ಅದೂ ಮೀಟರ್‌ನ ಬಿಸಿಯನ್ನ ಸರಿದೂಗಿಸುತ್ತೆ, ಹನಿಯ ಬಿಸಿಯನ್ನಲ್ಲ. ಕರಾವಳಿಯಲ್ಲಿ ಏಪ್ರಿಲ್ ಮೇ ತಿಂಗಳ ಮಧ್ಯಾಹ್ನ ರೂಮೇ 33 ಇರುತ್ತೆ, ಬೆಳಿಗ್ಗೆ ಬೇಗ ಅಳೆಯಿರಿ ಇಲ್ಲ ಎಸಿ ರೂಮಲ್ಲಿ ಮೀಟರನ್ನೂ ನೀರನ್ನೂ ಸ್ವಲ್ಪ ಹೊತ್ತು ಇಟ್ಟು ಅಳೆಯಿರಿ.

ನೀರಿನ ಸಾಂದ್ರತೆ ಅಳೆಯೋ, ಮುಳ್ಳು ಮೇಲೇರೋ ಪ್ಲಾಸ್ಟಿಕ್ ಹೈಡ್ರೋಮೀಟರ್ ಬಗ್ಗೆ ನನಗೆ ನಂಬಿಕೆ ಇಲ್ಲ. ಶುರುವಿನ ದಿನಗಳಲ್ಲಿ ನನ್ನ ಹತ್ರ ಇದ್ದದ್ದು ಅದೇ, ಮುಳ್ಳಿನ ಮೇಲೆ ಉಪ್ಪು ಕಟ್ಟಿ ಭಾರ ಆಗಿ ಕಮ್ಮಿ ತೋರಿಸ್ತಿತ್ತು, ನಾನು ವಾರಗಟ್ಟಲೆ ಉಪ್ಪು ಸೇರಿಸ್ತಾ ಹೋದೆ, ಎರಡು ಸೀಗಡಿ ಹೋದವು. ಇವತ್ತಿಗೂ ಅದು ಮನಸ್ಸಿಗೆ ಚುಚ್ಚುತ್ತೆ. ಗುಳ್ಳೆ ಅಂಟಿದ್ರೆ ಉಲ್ಟಾ, ಜಾಸ್ತಿ ತೋರಿಸುತ್ತೆ. ಗಾಜಿನದು ವಾಸಿ, ಆದ್ರೆ ಅದರ ಮೇಲೆ ಬರೆದಿರೋ ಉಷ್ಣಾಂಶ ಓದಿ. 15.6 ಡಿಗ್ರಿಗೆ ಮಾಡಿದ್ದನ್ನ 27 ಡಿಗ್ರಿ ಟ್ಯಾಂಕಿಗೆ ಇಳಿಸಿದ್ರೆ 1.0268 ತೋರಿಸ್ಬೇಕಾದ್ದು 1.024 ಹತ್ತಿರ ತೋರಿಸುತ್ತೆ.

ನೀರಲ್ಲಿ ಕರೆಂಟ್ ಎಷ್ಟು ಹರಿಯುತ್ತೆ ಅಂತ ಅಳೆಯೋ ಕಂಡಕ್ಟಿವಿಟಿ ಪೆನ್ ಇರೋರಿಗೆ 53 ಮಿಲಿಸೀಮೆನ್ಸ್ ದ್ರಾವಣ ಬೇಕು, 25 ಡಿಗ್ರಿಯಲ್ಲಿ 35 ಪಿಪಿಟಿ ಸಮುದ್ರದ ನೀರಿನ ಅಳತೆ ಅದು. ಪೆನ್ನನ್ನ ಬಾಟಲಿಗೇ ಅದ್ದಬೇಡಿ, ಚಿಕ್ಕ ಲೋಟಕ್ಕೆ ಸುರಿದು, ಅದ್ದಿ, ಗುಳ್ಳೆ ಹೋಗೋ ಹಾಗೆ ಮೆಲ್ಲಗೆ ತಟ್ಟಿ, ಆಮೇಲೆ ಆ ದ್ರಾವಣ ಚೆಲ್ಲಿ. ಒಂದು ಡಿಗ್ರಿಗೆ ಕಂಡಕ್ಟಿವಿಟಿ ಸುಮಾರು ಶೇ. 2ರಷ್ಟು ಏರುಪೇರಾಗುತ್ತೆ, 25 ಡಿಗ್ರಿ ಅಂತ ಹೇಳೋದು ಅದಕ್ಕೇ.

ಸಮುದ್ರ ವಿಜ್ಞಾನಿಗಳೂ ಮೀಟರನ್ನ 35ರ ಹತ್ತಿರವೇ ಸರಿ ಮಾಡ್ತಾರೆ. ಮೊದಲೆಲ್ಲ ಅದಕ್ಕಂತಲೇ ಕೋಪನ್‌ಹೇಗನ್‌ನಿಂದ ಗಾಜಿನ ಕೊಳವೆಯಲ್ಲಿ ಸೀಲ್ ಮಾಡಿದ ಸಮುದ್ರದ ನೀರು ಬರ್ತಿತ್ತು, 1978ರ ಲವಣಾಂಶದ ಅಳತೆಯಲ್ಲಿ ಒಂದು ಕೇಜಿ ದ್ರಾವಣದಲ್ಲಿ 32.4356 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಇದ್ರೆ 15 ಡಿಗ್ರಿಯಲ್ಲಿ ಅದರ ಕಂಡಕ್ಟಿವಿಟಿಯೇ 35 ಅಂತ ನಿಗದಿ ಮಾಡಿದ್ರು.

ಆ ಬೆಂಗಳೂರಿನ ಟ್ಯಾಂಕು 200 ಲೀಟರಿಂದು, ದಿನಕ್ಕೆ ಎರಡು ಲೀಟರ್ ಆವಿ ಆಗ್ತಿತ್ತು, ಉಪ್ಪು ಟ್ಯಾಂಕಲ್ಲೇ ಉಳಿಯುತ್ತೆ. ನಾಲ್ಕು ದಿನ ಸಿಹಿನೀರಿನ ಬದಲು 35ರ ಉಪ್ಪುನೀರನ್ನೇ ತುಂಬಿಸಿ, 33.6ರಿಂದ ಮೆಲ್ಲಗೆ 35ಕ್ಕೆ ಏರುತ್ತೆ ಅಂದೆ, ದಿನಾ ಸಂಜೆ ಅಳೆದು ವಾಟ್ಸಾಪ್ ಮಾಡಿದ್ರು. ಐದನೇ ದಿನದ ಫೋಟೋದಲ್ಲಿ ಹವಳ ಅರಳಿತ್ತು.