ಹಳೆಯ ಫಾಕ್ಸ್‌ಪ್ರೊ ಹೊಸ ವಿಂಡೋಸ್‌ನಲ್ಲಿ ಏಕೆ ತೆವಳುತ್ತದೆ?

ಕಂಪ್ಯೂಟರ್ ಹೊಸದು, ವಿಂಡೋಸ್ 11 ಹಾಕಿದೆ, ರ‍್ಯಾಮ್ ಮೊದಲಿನ ನಾಲ್ಕು ಪಟ್ಟು. ಆದರೂ ಫಾಕ್ಸ್‌ಪ್ರೊ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಬರೆದ ಹಳೆಯ ಬಿಲ್ಲಿಂಗ್ ಪ್ರೋಗ್ರಾಂನಲ್ಲಿ ಒಂದು ಖಾತೆ ತೆರೆಯಲು ಅರ್ಧ ನಿಮಿಷ ಹಿಡಿಯುತ್ತದೆ. ಇಂಥ ದೂರು ಬಂದಾಗ ಯಾವ ಸೆಟ್ಟಿಂಗಿಗೂ ಕೈಹಾಕುವ ಮೊದಲು ಒಂದು ಪರೀಕ್ಷೆ ಮಾಡಿ: ಉಳಿದವರೆಲ್ಲ ಪ್ರೋಗ್ರಾಂ ಮುಚ್ಚಲಿ, ಒಬ್ಬರೇ ತೆರೆದು ನೋಡಲಿ.

ಒಬ್ಬರಿದ್ದಾಗ ಚುರುಕಾಗಿದ್ದು ಇನ್ನೊಬ್ಬರು ಒಳಬಂದ ಕೂಡಲೇ ನಿಧಾನವಾದರೆ ಕಾರಣ ನೆಟ್‌ವರ್ಕಿನಲ್ಲಿದೆ. ಫಾಕ್ಸ್‌ಪ್ರೊ, ಆಕ್ಸೆಸ್‌ನಂಥವುಗಳಿಗೆ ಸರ್ವರ್ ಎಂದರೆ ಬರೀ ಫೈಲ್ ಇಟ್ಟ ಜಾಗ. ಹುಡುಕುವ ಕೆಲಸ ಪೂರ್ತಿ ನಿಮ್ಮ ಕಂಪ್ಯೂಟರಿನದೇ. ಅದು ಇಂಡೆಕ್ಸಿನ (ಯಾವ ದಾಖಲೆ ಎಲ್ಲಿದೆ ಎಂದು ತೋರಿಸುವ ಸೂಚಿಯ) ಒಂದು ತುಣುಕನ್ನು ತರಿಸಿ, ಓದಿ, ಆಮೇಲೆ ಮುಂದಿನದನ್ನು ಕೇಳುತ್ತದೆ. ಫೈಲನ್ನು ಒಬ್ಬರೇ ತೆರೆದಿದ್ದಾಗ ವಿಂಡೋಸ್ ಸರ್ವರಿನಿಂದ ‘ಆಪ್‌ಲಾಕ್’ ಎಂಬ ಅನುಮತಿ ಪಡೆದು, ಓದಿದ್ದನ್ನು ತನ್ನ ಬಳಿಯೇ ಉಳಿಸಿಕೊಳ್ಳುತ್ತದೆ. ಇನ್ನೊಬ್ಬರು ಅದೇ ಫೈಲ್ ತೆರೆದು ಬರೆಯತೊಡಗಿದರೆ ಆ ಅನುಮತಿ ರದ್ದು. ಅಲ್ಲಿಂದ ಪ್ರತಿ ಓದಿಗೂ ಸರ್ವರಿಗೆ ಹೋಗಿಬರಬೇಕು.

ಲೆಕ್ಕ ಹಾಕಿ ನೋಡಿ. ಒಂದು ವರದಿಗೆ 10,000 ಓದು ಬೇಕು ಎನ್ನೋಣ. ಕೇಬಲ್ಲಿನಲ್ಲಿ ಒಮ್ಮೆ ಹೋಗಿಬರಲು 0.3 ಮಿಲಿಸೆಕೆಂಡ್ ಆದರೆ ಒಟ್ಟು 3 ಸೆಕೆಂಡ್. ವೈ-ಫೈನಲ್ಲಿ ಅದೇ 5 ಮಿಲಿಸೆಕೆಂಡ್ ಆದರೆ 50 ಸೆಕೆಂಡ್. ರೂಟರ್ ಪೆಟ್ಟಿಗೆಯ ಮೇಲೆ ಎಷ್ಟೇ ಮೆಗಾಬಿಟ್ ಬರೆದಿರಲಿ, ಇಲ್ಲಿ ಹೋಗಿಬರುವ ಸಮಯದ್ದೇ ಆಟ. ಹಾಗಾಗಿ ಮೊದಲ ಮದ್ದು ಕೇಬಲ್. ಎರಡನೆಯದು, ತಾತ್ಕಾಲಿಕ ಫೈಲುಗಳು ಸರ್ವರಿನಲ್ಲಿ ಹುಟ್ಟದಂತೆ ನೋಡಿಕೊಳ್ಳುವುದು: ಫಾಕ್ಸ್‌ಪ್ರೊದ ಸೆಟ್ಟಿಂಗುಗಳಿರುವ ಕಾನ್ಫಿಗ್.ಎಫ್‌ಪಿಡಬ್ಲ್ಯು ಫೈಲಿನಲ್ಲಿ ‘ಟಿಎಂಪಿಫೈಲ್ಸ್’ ಸಾಲಿಗೆ ಸ್ವಂತ ಡಿಸ್ಕಿನ ಫೋಲ್ಡರ್ ಕೊಡಿ.

‘ಎಸ್‌ಎಂಬಿ 1 ಮತ್ತೆ ಆನ್ ಮಾಡಿ, ಸರಿಹೋಗುತ್ತದೆ’ ಎಂಬ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಅದು ನೆಟ್‌ವರ್ಕಿನಲ್ಲಿ ಫೈಲ್ ಹಂಚಿಕೊಳ್ಳುವ ಹಳೆಯ ವಿಧಾನ. 2017ರಲ್ಲಿ ವಾನಾಕ್ರೈ ಎಂಬ ಸುಲಿಗೆ ವೈರಸ್ ಹರಡಿದ್ದು ಅದೇ ಬಾಗಿಲಿನಿಂದ. ರಿಜಿಸ್ಟ್ರಿಯಲ್ಲಿ ಲ್ಯಾನ್‌ಮ್ಯಾನ್‌ವರ್ಕ್‌ಸ್ಟೇಷನ್ ಅಡಿಯಲ್ಲಿ, ಸರ್ವರಿನ ಫೈಲ್-ಫೋಲ್ಡರುಗಳ ವಿವರ ನೆನಪಿಟ್ಟುಕೊಳ್ಳುವ ಮೂರು ಅವಧಿಗಳನ್ನು (ಮೂಲತಃ 10, 10 ಮತ್ತು 5 ಸೆಕೆಂಡ್) ಸೊನ್ನೆ ಮಾಡಿ ಎಂಬ ಮಾತೂ ಓಡಾಡುತ್ತದೆ. ಹೊಸ ಫೈಲ್ ಕಾಣದಿರುವುದು, ಇಂಡೆಕ್ಸ್ ಕೆಡುವುದು ಇಂಥ ತೊಂದರೆಗೆ ಅದನ್ನು ಬಳಸುತ್ತಾರೆ. ವೇಗ ಅದರಿಂದ ಹೆಚ್ಚುವುದಿಲ್ಲ, ಸರ್ವರಿಗೆ ಓಡಾಟ ಹೆಚ್ಚುತ್ತದೆ.

ಒಬ್ಬರೇ ಇದ್ದರೂ ನಿಧಾನವೆನಿಸಿದರೆ ಡೇಟಾ ಫೋಲ್ಡರನ್ನು ಸ್ವಂತ ಡಿಸ್ಕಿಗೆ ನಕಲು ಮಾಡಿ ಅಲ್ಲಿಂದ ಓಡಿಸಿ. ಆಗಲೂ ತೆವಳಿದರೆ ಮೈಕ್ರೋಸಾಫ್ಟಿನ ಉಚಿತ ಪ್ರೊಸೆಸ್ ಮಾನಿಟರ್ ತೆರೆಯಿರಿ; ಪ್ರೋಗ್ರಾಂ ಯಾವ ಫೈಲಿಗೆ ಎಷ್ಟು ಹೊತ್ತು ಕಾಯಿತು ಎಂಬುದನ್ನು ಅದು ತೋರಿಸುತ್ತದೆ. ಫಿಲ್ಟರಿನಲ್ಲಿ ಪ್ರೋಗ್ರಾಂ ಹೆಸರು ಕೊಟ್ಟು, ಕಾಲಂಗಳ ಪಟ್ಟಿಯಲ್ಲಿ ‘ಡ್ಯುರೇಶನ್’ ಸೇರಿಸಿ, ನಿಧಾನವಾಗುವ ಆ ಒಂದೇ ಕೆಲಸ ಮಾಡಿ ನಿಲ್ಲಿಸಿ. ಈಗಿಲ್ಲದ ಸರ್ವರಿನ ಹೆಸರಿನಲ್ಲಿ ಸೆಕೆಂಡುಗಟ್ಟಲೆ ಕಾದ ಸಾಲು ಕಂಡರೆ ಹಳೆಯ ಡ್ರೈವ್ ಮ್ಯಾಪಿಂಗ್ ತೆಗೆದುಹಾಕಿ. ಪ್ರಿಂಟರಿನ ಹೆಸರು ಕಂಡರೆ ಆಫ್ ಆಗಿರುವ ನೆಟ್‌ವರ್ಕ್ ಪ್ರಿಂಟರ್ ಡಿಫಾಲ್ಟ್ ಆಗಿದೆಯೇ ನೋಡಿ. ಡಿಬಿಎಫ್ (ಟೇಬಲ್), ಸಿಡಿಎಕ್ಸ್ (ಇಂಡೆಕ್ಸ್) ಫೈಲ್ ತೆರೆಯುವ ಪ್ರತಿ ಸಲವೂ ತಡವಾಗುತ್ತಿದ್ದರೆ ಆಂಟಿವೈರಸ್ ಮೇಲೆ ಅನುಮಾನ ಪಡಬೇಕು. ಅದನ್ನು ಪೂರ್ತಿ ಆಫ್ ಮಾಡುವುದು ಬೇಡ, ಡೇಟಾ ಫೋಲ್ಡರಿಗೆ ಮಾತ್ರ ವಿನಾಯಿತಿ ಕೊಟ್ಟರೆ ಸಾಕು.

ಸೋರ್ಸ್ ಕೋಡ್ ಕೈಯಲ್ಲಿದ್ದರೆ ಇಂಡೆಕ್ಸನ್ನೂ ಪರಿಶೀಲಿಸಿ. ಹೆಸರನ್ನು ದೊಡ್ಡಕ್ಷರಕ್ಕೆ ತಿರುಗಿಸಿ ಇಂಡೆಕ್ಸ್ ಮಾಡಿದ್ದು, ಹುಡುಕಾಟದಲ್ಲಿ ಬರೀ ಹೆಸರನ್ನೇ ಕೊಟ್ಟಿದ್ದರೆ ಫಾಕ್ಸ್‌ಪ್ರೊ ಆ ಇಂಡೆಕ್ಸನ್ನು ಮುಟ್ಟುವುದೇ ಇಲ್ಲ, ಇಡೀ ಟೇಬಲ್ ಓದುತ್ತದೆ. ಎರಡೂ ಕಡೆಯ ಬರಹ ಒಂದೇ ಆಗಿರಬೇಕು. ವಿಷುಯಲ್ ಫಾಕ್ಸ್‌ಪ್ರೊದಲ್ಲಿ ಸಿಸ್(3054, 11) ಕೊಟ್ಟು ಆ ಕ್ವೆರಿಯನ್ನು ಓಡಿಸಿದರೆ ಯಾವ ಟೇಬಲ್ಲಿಗೆ ಯಾವ ಇಂಡೆಕ್ಸ್ ಬಳಕೆಯಾಯಿತು ಎಂಬುದು ಪರದೆಯ ಮೇಲೆಯೇ ಬರುತ್ತದೆ.