ಯಾವ ನಿಂಫ್ ಕಟ್ಟಲಿ? ಬಣ್ಣಕ್ಕಿಂತ ಮೊದಲು ಭಾರ

ಪ್ರಶ್ನೆ: ಟ್ರೌಟ್ ಮೀನಿಗೆ ನಿಂಫ್ (ನೀರುಹುಳುವಿನ ಮರಿಯನ್ನು ಹೋಲುವಂತೆ ಕೊಕ್ಕೆಯ ಮೇಲೆ ಮಾಡಿದ ಕೃತಕ ಹುಳು) ಕಟ್ಟಿ ಗಾಳ ಹಾಕುವುದನ್ನು ಈಚೆಗೆ ಕಲಿಯುತ್ತಿದ್ದೇನೆ. ಡಬ್ಬಿಯಲ್ಲಿ ನಲವತ್ತು ಬಗೆಯ ನಿಂಫ್‌ಗಳಿವೆ. ಒಂದಾದ ಮೇಲೊಂದನ್ನು ಬದಲಿಸುತ್ತಲೇ ಇರುತ್ತೇನೆ, ಮೀನು ಮಾತ್ರ ಕಚ್ಚುವುದಿಲ್ಲ. ಯಾವ ಹೊತ್ತಿಗೆ ಯಾವುದನ್ನು ಕಟ್ಟಬೇಕೆಂದು ತಿಳಿಯುವುದು ಹೇಗೆ?

ಉತ್ತರ: ಆ ನಲವತ್ತರಲ್ಲಿ ಮೂವತ್ತೈದನ್ನು ಮನೆಯಲ್ಲೇ ಬಿಟ್ಟು ಹೋದರೂ ನಿಮಗೆ ನಷ್ಟವಿಲ್ಲ. ನೀವು ನಿಂಫ್ ಬದಲಿಸಿದಾಗಲೆಲ್ಲ ಅದರ ಬಣ್ಣ ಬದಲಾಗಿರುತ್ತದೆ, ಅದು ಸಾಗುವ ಆಳ ಹಾಗೆಯೇ ಉಳಿದಿರುತ್ತದೆ. ಮೀನು ಕಚ್ಚದಿರಲು ಬಹುಮಟ್ಟಿಗೆ ಇದೇ ಕಾರಣವೆಂಬುದು ನನ್ನ ಗಟ್ಟಿಯಾದ ನಂಬಿಕೆ.

ಮೇಫ್ಲೈ ಎಂಬ ಹೊಳೆಯ ಕೀಟ ರೆಕ್ಕೆ ಬಿಚ್ಚಿ ಬದುಕುವುದು ಕೆಲವು ಗಂಟೆ, ಹೆಚ್ಚೆಂದರೆ ಕೆಲವೇ ದಿನ. ಅದಕ್ಕೆ ಮುಂಚೆ ತಿಂಗಳುಗಟ್ಟಲೆ ಅದು ಹೊಳೆಯ ತಳದ ಕಲ್ಲುಸಂದಿಗಳಲ್ಲಿ ನಿಂಫ್ ಆಗಿ, ಅಂದರೆ ರೆಕ್ಕೆ ಬಾರದ ಮರಿಯಾಗಿ ಬೆಳೆಯುತ್ತದೆ. ಇನ್ನೊಂದು ಹೊಳೆಕೀಟ ಸ್ಟೋನ್‌ಫ್ಲೈನ ದೊಡ್ಡ ಜಾತಿಗಳು ಎರಡು ಮೂರು ವರ್ಷ ಹೀಗೆಯೇ ಕಳೆಯುತ್ತವೆ. ಹಾಗಾಗಿ ಟ್ರೌಟ್‌ಗೆ ವರ್ಷವಿಡೀ ಆಹಾರ ಸಿಗುವುದು ನೀರಿನೊಳಗೆ, ಅದರಲ್ಲೂ ತಳದ ಹತ್ತಿರ. ಅಲ್ಲಿ ಸೆಳವೂ ಕಡಿಮೆ. ಮೀನು ಕಲ್ಲಿನ ಮುಂದೆಯೋ ಹಿಂದೆಯೋ ನಿಂತು, ತನ್ನ ಮೂತಿಯ ಮಟ್ಟಕ್ಕೆ ತೇಲಿ ಬಂದುದನ್ನು ಬಾಯಿಗೆ ಹಾಕಿಕೊಳ್ಳುತ್ತದೆ. ಅಕ್ಕಿಕಾಳಿನಷ್ಟು ತುತ್ತಿಗಾಗಿ ರಭಸದ ನೀರಿನಲ್ಲಿ ಒಂದು ಮೀಟರ್ ಮೇಲೇರಿ ಬರಲು ಅದಕ್ಕೆ ಕಟ್ಟುವುದಿಲ್ಲ. ನಿಮ್ಮ ನಿಂಫ್ ಅದರ ತಲೆಯ ಮೇಲೆ ಮೊಳದೆತ್ತರದಲ್ಲಿ ಹಾದುಹೋದರೆ, ಎಷ್ಟೇ ಚೆಂದವಾಗಿ ಕಟ್ಟಿದ್ದರೂ ಹಾದುಹೋಯಿತು, ಅಷ್ಟೇ.

ಆದ್ದರಿಂದ ಮೊದಲು ಭಾರ. ನಿಂಫ್‌ನ ತಲೆಯಲ್ಲಿರುವ ಮಣಿ ಅಲಂಕಾರಕ್ಕೆ ಮಾತ್ರ ಇರುವುದಲ್ಲ. ಒಂದೇ ಗಾತ್ರದ ಹಿತ್ತಾಳೆಯ ಮಣಿಗಿಂತ ಟಂಗ್‌ಸ್ಟನ್ ಮಣಿ ಎರಡು ಪಟ್ಟಿಗೂ ಹೆಚ್ಚು ತೂಗುತ್ತದೆ. ಮೊಣಕಾಲುದ್ದದ ನಿಧಾನ ನೀರಿಗೆ ಹಿತ್ತಾಳೆ ಸಾಕು. ಸೊಂಟದುದ್ದದ ರಭಸಕ್ಕೆ ಟಂಗ್‌ಸ್ಟನ್ ಬೇಕು. ಮೈ ನುಣುಪಾಗಿ ಸಪೂರವಾಗಿದ್ದರೆ ಬೇಗ ಇಳಿಯುತ್ತದೆ. ಸ್ಪೇನ್‌ನಿಂದ ಬಂದ ಪೆರ್ಡಿಗೋನ್ ನಿಂಫ್‌ಗಳಿಗೆ ಕಾಲೂ ಇಲ್ಲ, ಕೂದಲೂ ಇಲ್ಲ, ಬಾಲದ ಎಳೆಗಳನ್ನು ಬಿಟ್ಟರೆ ಬರೀ ಮೆರುಗೆಣ್ಣೆ ಹಚ್ಚಿದ ಮೈ. ಗುಂಡು ಮುಳುಗಿದಂತೆ ಮುಳುಗುತ್ತವೆ. ಮೊಲದ ಕೂದಲಿನ ಒರಟು ಮೈಯವು ತಡವಾಗಿ ಇಳಿಯುತ್ತವೆ. ನಿಂಫ್ ಕಟ್ಟುವ ದಾರದ ತುದಿಯ ತೆಳು ಎಳೆ, ಅಂದರೆ ಟಿಪೆಟ್ ಕೂಡ ಇಲ್ಲಿ ಲೆಕ್ಕಕ್ಕೆ ಬರುತ್ತದೆ: ತೆಳುವಾದಷ್ಟೂ ನೀರನ್ನು ಸೀಳಿ ಇಳಿಯುತ್ತದೆ. ಬೆಂಡು ಕಟ್ಟುವವರು ನಿಂಫ್‌ನಿಂದ ನೀರಿನ ಆಳದ ಸುಮಾರು ಒಂದೂವರೆ ಪಟ್ಟು ದೂರದಲ್ಲಿ ಬೆಂಡು ಇಡುವುದು ರೂಢಿ. ಅಲ್ಲಿಂದ ಶುರು ಮಾಡಿ, ಆಮೇಲೆ ಸರಿಪಡಿಸಿಕೊಳ್ಳಿ. ನಾಲ್ಕೈದು ಸಲ ಬಿಟ್ಟಾಗ ಒಮ್ಮೆಯಾದರೂ ಕೊಕ್ಕೆ ಕಲ್ಲನ್ನು ಸವರಬೇಕು. ಒಮ್ಮೆಯೂ ಸವರದಿದ್ದರೆ ಭಾರ ಸಾಲದು. ಪ್ರತಿ ಸಲವೂ ಸಿಕ್ಕಿಕೊಂಡರೆ ಭಾರ ಹೆಚ್ಚಾಯಿತು.

ಭಾರ ಸರಿಹೋದ ಮೇಲೂ ಒಂದು ತೊಡಕು ಉಳಿಯುತ್ತದೆ. ಹೊಳೆಯ ಮೇಲ್ಮೈ ನೀರು ತಳದ ನೀರಿಗಿಂತ ವೇಗವಾಗಿ ಓಡುತ್ತದೆ. ಮೇಲೆ ತೇಲುವ ದಾರ ಮುಂದೋಡಿ, ಕೆಳಗಿನ ನಿಂಫ್ ಅನ್ನು ಎಳೆದೊಯ್ಯುತ್ತದೆ. ತಳದಲ್ಲಿ ಕಾಲು ಜಾರಿ ತೇಲಿಹೋಗುವ ನಿಜವಾದ ಹುಳು ಹಾಗೆ ಓಡುವುದಿಲ್ಲ, ಮೀನಿಗೆ ಇದು ಗೊತ್ತು. ಬೆಂಡಿನ ಪಕ್ಕದಲ್ಲಿ ತೇಲುವ ನೊರೆಗುಳ್ಳೆಯನ್ನು ನೋಡುವುದು ನನಗೆ ಬಹಳ ನೆರವಾದ ಅಭ್ಯಾಸ. ಗುಳ್ಳೆ ಬೆಂಡನ್ನು ಮೆಲ್ಲನೆ ಹಿಂದಿಕ್ಕಿ ಹೋದರೆ ನಿಂಫ್ ತಳದ ನಿಧಾನ ನೀರಿನಲ್ಲಿದೆ ಎಂದರ್ಥ. ಬೆಂಡೇ ಗುಳ್ಳೆಯನ್ನು ಹಿಂದಿಕ್ಕಿದರೆ ದಾರ ಎಳೆಯುತ್ತಿದೆ. ಕೋಲಿನ ತುದಿಯಿಂದ ದಾರವನ್ನು ಎತ್ತಿ ಹರಿವಿನ ಮೇಲ್ಬದಿಗೆ ಮಗುಚಿ ಹಾಕಿ. ಇನ್ನೂ ಒಳ್ಳೆಯದೆಂದರೆ ಮೀನಿಗೆ ಹತ್ತಿರ ಹೋಗಿ, ಕೋಲನ್ನು ಎತ್ತಿ ಹಿಡಿದು, ದಪ್ಪ ದಾರ ನೀರಿಗೆ ತಾಗದಂತೆಯೇ ನಿಂಫ್ ಬಿಡುವುದು. ನೀರು ಕಲಕಿ ಹರಿಯುವ ಕಡೆ ಮೀನು ನಿಮ್ಮನ್ನು ಸುಲಭಕ್ಕೆ ಕಾಣುವುದಿಲ್ಲ, ಹತ್ತಿರ ಹೋಗಬಹುದು.

ಕಚ್ಚಿದ್ದು ತಿಳಿಯುವ ಬಗೆಯನ್ನೂ ಇಲ್ಲೇ ಹೇಳಬೇಕು. ಬೆಂಡು ಗುಳುಮ್ಮನೆ ಮುಳುಗಲೆಂದು ಕಾಯುತ್ತಿದ್ದರೆ ಹತ್ತರಲ್ಲಿ ಕೆಲವು ಮಾತ್ರ ನಿಮಗೆ ಸಿಕ್ಕಾವು. ಟ್ರೌಟ್ ನಿಂಫ್ ಅನ್ನು ಬಾಯಿಗೆಳೆದುಕೊಂಡು, ತಿನ್ನುವ ವಸ್ತುವಲ್ಲವೆಂದು ಅರಿತು ಉಗಿಯಲು ಅರೆಕ್ಷಣ ಸಾಕು. ಆ ಅರೆಕ್ಷಣದಲ್ಲಿ ಬೆಂಡು ತುಸು ತಡೆಯುತ್ತದೆ, ಇಲ್ಲವೇ ಪಕ್ಕಕ್ಕೆ ಒಂದಿಷ್ಟು ವಾಲುತ್ತದೆ, ಕೆಲವೊಮ್ಮೆ ಹರಿವಿನ ಎದುರಿಗೆ ಬೆರಳಗಲ ಸರಿಯುತ್ತದೆ. ಕಲ್ಲಿಗೆ ತಾಗಿತೇನೋ ಎಂಬ ಅನುಮಾನ ಬಂದರೂ ಕೋಲಿನ ತುದಿಯನ್ನು ಚುರುಕಾಗಿ ಎತ್ತಿ. ಅನುಮಾನಪಟ್ಟು ಎತ್ತಿದ್ದರಿಂದಲೇ ನನಗೆ ಸಿಕ್ಕ ಮೀನುಗಳು ಬಹಳ.

ಇನ್ನು ನೀವು ಕೇಳಿದ ಆಯ್ಕೆ. ದಾರ ಬಿಚ್ಚುವ ಮೊದಲು ನೀರಿಗಿಳಿದು ಅಂಗೈಯಗಲದ ಒಂದು ಕಲ್ಲನ್ನು ಮಗುಚಿ ಕೈಯಲ್ಲಿ ಹಿಡಿಯಿರಿ. ಮೊದಲಿಗೆ ಬರೀ ಒದ್ದೆ ಕಲ್ಲು ಕಾಣುತ್ತದೆ. ಒಂದು ನಿಮಿಷ ಕಣ್ಣು ಕೀಳದೆ ನೋಡಿ, ಕಲ್ಲೇ ಹರಿದಾಡತೊಡಗುತ್ತದೆ. ಹೊಟ್ಟೆಯ ಎರಡೂ ಬದಿ ಕಿವಿರುಗಳು ಸಣ್ಣಗೆ ಮಿಡಿಯುತ್ತಿದ್ದು, ಸಾಮಾನ್ಯವಾಗಿ ಮೂರು ಬಾಲದೆಳೆಗಳಿದ್ದರೆ ಅದು ಮೇಫ್ಲೈ. ಎರಡೇ ಬಾಲ, ದಪ್ಪ ಕಾಲು, ಒಂದೊಂದು ಕಾಲಿನ ತುದಿಯಲ್ಲಿ ಎರಡೆರಡು ಉಗುರು ಇದ್ದರೆ ಸ್ಟೋನ್‌ಫ್ಲೈ. ಮರಳು ಕಣಗಳನ್ನು ಅಂಟಿಸಿಕೊಂಡು ಗೂಡು ಮಾಡಿಕೊಂಡದ್ದು ಕ್ಯಾಡಿಸ್ ಎಂಬ ಮತ್ತೊಂದು ಕೀಟದ ಮರಿಹುಳು. ಹೆಸರು ತಿಳಿಯದಿದ್ದರೂ ಚಿಂತೆಯಿಲ್ಲ. ಯಾವುದು ಹೆಚ್ಚಿದೆ, ಎಷ್ಟು ಉದ್ದವಿದೆ, ಇಷ್ಟು ನೋಡಿದರೆ ಸಾಕು. ಮೇಫ್ಲೈ ನಿಂಫ್‌ನ ಬೆನ್ನಿನ ಮೇಲಿನ ರೆಕ್ಕೆಮೊಗ್ಗು ಕಪ್ಪಗಾಗಿದ್ದರೆ ಅದು ಇನ್ನೇನು ಪೊರೆ ಕಳಚಿ ಹಾರಲಿದೆ. ಆ ಗಾತ್ರದ್ದನ್ನೇ ಕಟ್ಟಿ. ಹೊಸಬರು ಮಾಡುವ ತಪ್ಪು ಬಹುತೇಕ ಒಂದೇ, ತೀರ ದೊಡ್ಡದನ್ನು ಕಟ್ಟುವುದು. ಕೊಕ್ಕೆಯ ಅಂಕೆ ಹೆಚ್ಚಿದಷ್ಟೂ ಗಾತ್ರ ಚಿಕ್ಕದು. 14, 16, 18 ನಿಮ್ಮ ಬಳಿ ಇರಲಿ.

ಮೂವತ್ತೈದನ್ನು ಬಿಟ್ಟ ಮೇಲೆ ಉಳಿಯಬೇಕಾದ ಐದು ಬಗೆಯ ನಿಂಫ್‌ಗಳು ಯಾವುವು ಎಂದರೆ: ಫೆಸೆಂಟ್ ಟೇಲ್, ಒರಟು ಕೂದಲಿನ ಮೈಯ ಹೇರ್ಸ್ ಇಯರ್, ಒಂದು ಪೆರ್ಡಿಗೋನ್, ಪಟ್ಟೆಗಳಿರುವ ಪುಟ್ಟ ಜೀಬ್ರಾ ಮಿಡ್ಜ್, ರಬ್ಬರ್ ಕಾಲುಗಳ ಒಂದು ದೊಡ್ಡ ಸ್ಟೋನ್‌ಫ್ಲೈ. ಪ್ರತಿಯೊಂದನ್ನೂ ಎರಡು ಭಾರಗಳಲ್ಲಿ ಇಟ್ಟುಕೊಳ್ಳಿ. ನೀರು ಕದಡಿದ್ದರೆ ದೊಡ್ಡದು ಮತ್ತು ಕಡುಬಣ್ಣದ್ದು, ತಿಳಿಯಾಗಿದ್ದರೆ ಚಿಕ್ಕದು ಮತ್ತು ಹೊಳಪಿಲ್ಲದ ಮಣಿಯದು. ಬಣ್ಣದ ವಿಚಾರಕ್ಕೆ ಇದಕ್ಕಿಂತ ಹೆಚ್ಚು ತಲೆಕೆಡಿಸಿಕೊಳ್ಳುವ ಅಗತ್ಯ ನನಗೆ ಕಂಡಿಲ್ಲ. ನೀರಿನ ಶಾಖ 20 ಡಿಗ್ರಿ ಸೆಲ್ಸಿಯಸ್ ಮುಟ್ಟಿದ್ದರೆ ಯಾವುದನ್ನೂ ಕಟ್ಟಬೇಡಿ. ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆ, ದಣಿದ ಟ್ರೌಟ್ ಬಿಟ್ಟ ಮೇಲೂ ಸಾಯಬಹುದು.

ಒಂದನ್ನೇ ಆರಿಸು ಎಂದರೆ ನಾನು ಫೆಸೆಂಟ್ ಟೇಲ್ ಕಡೆಗೆ ಕೈಚಾಚುತ್ತೇನೆ. ಇಂಗ್ಲೆಂಡಿನ ವಿಲ್ಟ್‌ಶೈರ್‌ನಲ್ಲಿ ಏವನ್ ನದಿಯನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದ ಫ್ರ್ಯಾಂಕ್ ಸಾಯರ್ ಅದನ್ನು ರೂಪಿಸಿದವರು. ಅದರಲ್ಲಿರುವುದು ಎರಡೇ ಸಾಮಗ್ರಿ: ಫೆಸೆಂಟ್ ಹಕ್ಕಿಯ ಬಾಲದ ಗರಿಯ ಎಳೆಗಳು ಮತ್ತು ತೆಳುವಾದ ತಾಮ್ರದ ತಂತಿ. ಕಟ್ಟುವ ನೂಲಿನ ಬದಲಿಗೆ ತಂತಿಯನ್ನೇ ಬಳಸಿದ್ದರಿಂದ ಅದೇ ಭಾರವೂ ಆಯಿತು. ಕಾಲುಗಳನ್ನು ಅವರು ಬೇಕೆಂದೇ ಬಿಟ್ಟರು, ಈಜುವ ನಿಂಫ್ ಕಾಲುಗಳನ್ನು ಮೈಗೆ ಒತ್ತಿಕೊಂಡಿರುವುದನ್ನು ಅವರು ನೀರಿನಲ್ಲಿ ಕಂಡಿದ್ದರು.

ಅದನ್ನು ಬಳಸುವ ಬಗೆಯೂ ಅವರಿಂದಲೇ ಬಂದದ್ದು. ನಿಂಫ್ ಮೀನಿನ ಹತ್ತಿರ ಬಂದಾಗ ಕೋಲಿನ ತುದಿಯನ್ನು ಮೆಲ್ಲಗೆ ಎತ್ತಿದರೆ ನಿಂಫ್ ಮೇಲಕ್ಕೇಳುತ್ತದೆ, ಪೊರೆ ಕಳಚಲು ಹೊರಟ ಹುಳುವಿನಂತೆ. ಅಲ್ಲಿಯವರೆಗೆ ಅಲುಗದೆ ನಿಂತ ಮೀನು ಅದು ತಪ್ಪಿಸಿಕೊಂಡೀತೆಂದು ಮೇಲೆರಗುತ್ತದೆ. ಮೀನು ಕಾಣದ ಕಡೆಯೂ ಇದನ್ನು ಮಾಡಬಹುದು. ನಿಂಫ್ ಮಡುವಿನ ಕೊನೆ ತಲುಪಿದೊಡನೆ ದಾರವನ್ನು ಕಿತ್ತು ಮತ್ತೆ ಬೀಸಬೇಡಿ. ಕೋಲನ್ನು ಸ್ಥಿರವಾಗಿ ಹಿಡಿದು ಮೂರು ಎಣಿಸಿ, ಸೆಳವೇ ದಾರವನ್ನು ಬಿಗಿಗೊಳಿಸಿ ನಿಂಫ್ ಅನ್ನು ಮೇಲೆತ್ತಲಿ. ಆ ಹೊತ್ತಿಗೆ ಬರುವ ಮೀನನ್ನು ಬೆಂಡು ನೋಡಿ ತಿಳಿಯಬೇಕಾಗಿಲ್ಲ, ಕೈಗೇ ತಿಳಿಯುತ್ತದೆ.