ಹೆಪಟೈಟಿಸ್ ಬಿ: ಲಿವರ್ ಕೆಡಿಸುವುದು ವೈರಸ್ಸೋ, ನಾವೇನೋ?

ಒಬ್ಬನ ರಕ್ತದಲ್ಲಿ ಕೋಟಿಗಟ್ಟಲೆ ವೈರಸ್, ಎಎಲ್‌ಟಿ (ಲಿವರ್ ಕೋಶದೊಳಗಿರುವ, ರಕ್ತಪರೀಕ್ಷೆಯಲ್ಲಿ ಅಳೆಯುವ ಕಿಣ್ವ) ಮಾತ್ರ ನಾರ್ಮಲ್. ಇನ್ನೊಬ್ಬನಿಗೆ ವೈರಸ್ ಅದಕ್ಕಿಂತ ಎಷ್ಟೋ ಕಡಿಮೆ, ಎಎಲ್‌ಟಿ 500. ಇದು ಅರ್ಥವಾಗದೆ ಎರಡು ದಿನ ಒದ್ದಾಡಿದೆ.

ಗುಟ್ಟು ಇಷ್ಟೇ: ಈ ವೈರಸ್ ತಾನಿರುವ ಲಿವರ್ ಕೋಶವನ್ನು ಸಾಮಾನ್ಯವಾಗಿ ಕೊಲ್ಲುವುದಿಲ್ಲ. ಕೊಲ್ಲುವುದು ನಮ್ಮದೇ ಸಿಡಿ8 ಟಿ ಕೋಶ, ಅಂದರೆ ಸೋಂಕು ತಗುಲಿದ ಕೋಶಗಳನ್ನು ಗುರುತಿಸಿ ಕೊಲ್ಲುವ ರಕ್ಷಣಾ ಕೋಶ. ಸತ್ತ ಕೋಶದಿಂದ ಸೋರಿದ್ದೇ ಎಎಲ್‌ಟಿ. ಹಾಗಾಗಿ ಎಎಲ್‌ಟಿ ವೈರಸ್ ಎಷ್ಟಿದೆ ಎಂದು ಹೇಳುವುದಿಲ್ಲ, ಜಗಳ ಎಷ್ಟು ಜೋರಾಗಿದೆ ಎಂದು ಹೇಳುತ್ತದೆ. ಹುಟ್ಟುವಾಗಲೇ ಸೋಂಕು ತಗುಲಿದ ಮಕ್ಕಳಲ್ಲಿ ಸುಮಾರು 90% ಮಂದಿಗೆ ಅದು ದೀರ್ಘಕಾಲಿಕವಾಗುತ್ತದೆ, ಆದರೂ ವರ್ಷಗಟ್ಟಲೆ ಲಿವರ್ ಹೆಚ್ಚುಕಡಿಮೆ ಶಾಂತ. ಅಲ್ಲಿ ಜಗಳವೇ ಶುರುವಾಗಿರುವುದಿಲ್ಲ.

ಹೆಪಟೈಟಿಸ್ ಬಿ ಸಂಶೋಧಕ ಚಿಸಾರಿ ಅವರ ತಂಡದ ಇಲಿ ಪ್ರಯೋಗ ಓದಿದ ಮೇಲೆ ಇದು ತಲೆಗೆ ಹತ್ತಿತು. ವೈರಸ್‌ನ ಜೀನ್ ಸೇರಿಸಿದ ಇಲಿಗಳಿಗೆ ಆ ಜೀನ್‌ನಿಂದಾಗುವ ವೈರಸ್ ಪ್ರೋಟೀನ್ ಸ್ವಂತದ್ದೇ ಅನಿಸುತ್ತದೆ, ಹಾಗಾಗಿ ಲಿವರ್ ಆರಾಮ. ಹೊರಗಿನಿಂದ ಅದನ್ನು ಗುರುತಿಸುವ ಟಿ ಕೋಶ ಚುಚ್ಚಿದರೆ ಹೆಪಟೈಟಿಸ್!

ನಾನು ಎಡವಿದ್ದು ಮುಂದಿನ ಹೆಜ್ಜೆಯಲ್ಲಿ. ದೊಡ್ಡವರಿಗೆ ಹೊಸದಾಗಿ ಸೋಂಕು ತಗುಲಿದರೆ 95%ಕ್ಕೂ ಹೆಚ್ಚು ಮಂದಿ ಇದೇ ಟಿ ಕೋಶಗಳಿಂದ ಗುಣವಾಗುತ್ತಾರೆ. ಹಾಗಾದರೆ ದೀರ್ಘಕಾಲಿಕ ರೋಗದಲ್ಲಿ ಅವೇ ಯಾಕೆ ಶತ್ರು? ‘ನೆಗಡಿ ಬಂತೆಂದು ಮೂಗು ಕೊಯ್ದ ಹಾಗೆ’ ಎಂದು ಬರೆದುಕೊಂಡಿದ್ದೆ, ಅದು ತಪ್ಪು. ಮೂಗು ಕೊಯ್ದರೆ ನೆಗಡಿಯಾದರೂ ಹೋಗಬೇಕಲ್ಲ! ಇಲ್ಲಿ ಟಿ ಕೋಶಗಳು ಕಡಿಮೆ, ಇದ್ದವೂ ದಣಿದಿವೆ. ವರ್ಷಗಟ್ಟಲೆ ಅದೇ ಆಂಟಿಜನ್ (ಟಿ ಕೋಶ ಗುರುತಿಸುವ ವೈರಸ್ ತುಣುಕು) ನೋಡಿ ನೋಡಿ ಮೈಮೇಲೆ ಪಿಡಿ-1 ಎಂಬ ಬ್ರೇಕ್ ಹೊತ್ತಿವೆ. ಗಮನಿಸಿ, ದಣಿದಿವೆ, ಸತ್ತಿಲ್ಲ. ಅಲ್ಲೊಂದು ಇಲ್ಲೊಂದು ಕೋಶ ಕೊಲ್ಲುವಷ್ಟು ಶಕ್ತಿ ಇದೆ, ಮುಗಿಸುವಷ್ಟು ಇಲ್ಲ. ಕೋಶ ಕೊಲ್ಲದೆಯೇ ವೈರಸ್ ಅಡಗಿಸಲು ಟಿ ಕೋಶಗಳು ಸುರಿಸುವ ಇಂಟರ್‌ಫೆರಾನ್ ಗಾಮಾ ಕೂಡ ಸಾಲದು. ಈ ನಡುವೆ ಕೀಮೋಕೈನ್‌ಗಳ (ರಕ್ಷಣಾ ಕೋಶಗಳನ್ನು ಸೆಳೆಯುವ ಸಂಕೇತ ಪ್ರೋಟೀನ್‌ಗಳ) ಕರೆಗೆ ವೈರಸ್ ಯಾವುದೆಂದೇ ಗುರುತಿಲ್ಲದ ನ್ಯೂಟ್ರೋಫಿಲ್, ಮ್ಯಾಕ್ರೋಫೇಜ್ ಎಂಬ ಬೇರೆ ರಕ್ಷಣಾ ಕೋಶಗಳ ದಂಡು ನುಗ್ಗಿ ಬರುತ್ತದೆ. ಎನ್‌ಕೆ (ನ್ಯಾಚುರಲ್ ಕಿಲ್ಲರ್) ಕೋಶಗಳೂ ಕೈ ಸೇರಿಸುತ್ತವೆ. ಬಹುಪಾಲು ಹಾನಿ ಈ ಗುಂಪಿನದು.

ಫೈಬ್ರೋಸಿಸ್ (ಲಿವರ್‌ನಲ್ಲಿ ಗಾಯದ ನಾರು ಕಟ್ಟುವುದು) ಅರ್ಥಮಾಡಿಕೊಳ್ಳುವುದು ಸುಲಭ: ಕೋಶ ಸಾಯುತ್ತಲೇ ಇದ್ದರೆ ಟಿಜಿಎಫ್-ಬೀಟಾ ಎಂಬ ಸಂಕೇತ ಪ್ರೋಟೀನ್ ಬಂದು ಲಿವರ್‌ನ ಸ್ಟೆಲೇಟ್ ಕೋಶಗಳನ್ನು ಎಬ್ಬಿಸುತ್ತದೆ, ಅವು ಕೊಲಾಜನ್ ಎಂಬ ನಾರು ಸುರಿಯುತ್ತವೆ, ಕೊನೆಗೆ ಲಿವರ್ ಗಟ್ಟಿಯಾಗುವ ಸಿರೋಸಿಸ್.

‘ಹಾಗಾದರೆ ಇಮ್ಯೂನಿಟಿ ತಗ್ಗಿಸಿದರೆ ಸಾಕಲ್ಲ?’ ಎಂದು ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಕೇಳಿದರೆ ತಲೆಯಾಡಿಸಬೇಡಿ. ಬಿ ಕೋಶಗಳನ್ನು ಅಳಿಸುವ ರಿಟುಕ್ಸಿಮ್ಯಾಬ್ ಎಂಬ ಔಷಧಿ ಕೊಟ್ಟಾಗ ಅಡಗಿದ್ದ ವೈರಸ್ ಮೇಲೆದ್ದು ಜೀವಕ್ಕೇ ಕುತ್ತು ತರಬಹುದು. ಅಂಗ ಕಸಿಯಾಗಿ ಇಮ್ಯೂನಿಟಿ ತೀರಾ ತಗ್ಗಿದವರಲ್ಲಿ ವೈರಸ್ ಪ್ರೋಟೀನ್ ತುಂಬಿ ತುಳುಕಿ ಕೋಶ ನೇರವಾಗಿಯೇ ಸಾಯುವುದೂ ಉಂಟು. ಅದರ ಹೆಸರು ಫೈಬ್ರೋಸಿಂಗ್ ಕೊಲೆಸ್ಟಾಟಿಕ್ ಹೆಪಟೈಟಿಸ್. ಮೇಲೆ ‘ಸಾಮಾನ್ಯವಾಗಿ’ ಎಂದು ಸೇರಿಸಿದ್ದು ಇದಕ್ಕೇ.